ಗ್ರಾಮಸಭೆಗೆ ಹೋಗಿ ಏನು ಪ್ರಯೋಜನ? ಅನುಭವ ಇದ್ದವರು ಹೇಳಿ

ತೆಂಗಿನತೋಟ:
ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ಕೆಲಸ ಬೆಂಗಳೂರಲ್ಲಿ, ವೋಟು ಮಾತ್ರ ಇನ್ನೂ ಊರಲ್ಲೇ ಇದೆ. ಕಳೆದ ವಾರ ಅಮ್ಮನ ಜೊತೆ ಗ್ರಾಮಸಭೆಗೆ ಹೋಗಿದ್ದೆ. ಜೀವನದಲ್ಲಿ ಮೊದಲ ಸಲ.

ಪಂಚಾಯಿತಿ ಗೋಡೆಗೆ ನೋಟಿಸ್ ಅಂಟಿಸಿದ್ದು ಹಿಂದಿನ ದಿನ ಸಂಜೆ. ಸಭೆ ಬುಧವಾರ ಬೆಳಿಗ್ಗೆ 11ಕ್ಕೆ ಅಂತ ಇತ್ತು, ಶುರುವಾಗಿದ್ದು 12:20ಕ್ಕೆ. ಬಾಗಿಲಲ್ಲೇ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡರು. ದೀಪ ಹಚ್ಚಿದರು. ಆಮೇಲೆ ಕೃಷಿ ಇಲಾಖೆ, ಪಶು ಇಲಾಖೆ, ಆರೋಗ್ಯ ಇಲಾಖೆ, ಕರೆಂಟಿನವರು, ಒಬ್ಬರಾದ ಮೇಲೆ ಒಬ್ಬರು ತಮ್ಮ ಯೋಜನೆಗಳ ಪಟ್ಟಿ ಓದಿದರು. ಅದರಲ್ಲೇ ಒಂದೂವರೆ ಗಂಟೆ ಹೋಯಿತು. ಹಿಂದೆ ಪಲಾವ್ ಪಾತ್ರೆ ಮುಚ್ಚಳ ತೆಗೆದರು ನೋಡಿ, ಅರ್ಧ ಜನ ಆ ಕಡೆ ತಿರುಗಿದರು.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಮೋರಿ ಇದೆ. ಮಳೆ ಬಂದರೆ ನೀರು ಉಕ್ಕಿ ಶಾಲೆಗೆ ಹೋಗುವ ದಾರಿ ತುಂಬುತ್ತದೆ. ಅಮ್ಮ ಅದನ್ನು ಕೇಳಲು ಎದ್ದು ನಿಂತರು. ಮೈಕು ಅವರ ತನಕ ಬರಲಿಲ್ಲ, ಜೋರಾಗಿ ಹೇಳಿದರು. ವೇದಿಕೆ ಮೇಲಿಂದ "ಬರ್ಕೊಳ್ರೀ" ಅಂದರು. ಪುಸ್ತಕ ಹಿಡಿದವರು ತಲೆ ಆಡಿಸಿದರು. ನಾನು ಪಕ್ಕದಲ್ಲೇ ಇದ್ದೆ. ಅವರ ಪೆನ್ನಿನ ಕ್ಯಾಪು ತೆಗೆದೇ ಇರಲಿಲ್ಲ.

ಕೊನೆಗೆ "ಎಲ್ಲರಿಗೂ ಒಪ್ಪಿಗೆ ತಾನೇ?" ಅಂದರು. ಯಾವುದಕ್ಕೆ ಒಪ್ಪಿಗೆ ಅಂತ ನನಗಂತೂ ಗೊತ್ತಾಗಲಿಲ್ಲ. ಎಲ್ಲರೂ ಊಟಕ್ಕೆ ಎದ್ದರು.

ಜನ ಭಾಗವಹಿಸಬೇಕು ಅಂತ ಎಲ್ಲ ಭಾಷಣದಲ್ಲೂ ಹೇಳುತ್ತಾರೆ. ಸರಿ, ಭಾಗವಹಿಸಿದೆವು. ಮುಂದೆ?

ಸುಮ್ನಿರಪ್ಪ:
ಮುಂದೆ ಏನೂ ಇಲ್ಲ ಗುರು, ಪಲಾವ್ ತಿಂದು ಮನೆಗೆ ಬರೋದು. ಮೋರಿ ಆಗಬೇಕಾದರೆ ಎಮ್ಮೆಲ್ಲೆ ಮನೆ ಮುಂದೆ ಬೆಳಿಗ್ಗೆ 7ಕ್ಕೆ ನಿಲ್ಲಿ. ನಮ್ಮೂರಲ್ಲಿ ಹಾಗೇ ಆಗಿರೋದು. ಸಭೆಯಲ್ಲಿ ಮಾತಾಡಿದವರಿಗೆ ಸಿಗೋದು ಕೆಟ್ಟ ಹೆಸರು ಮಾತ್ರ.

ಹಳೇ ಕಾರ್ಯದರ್ಶಿ:
ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಆ ಮೇಜಿನ ಆಚೆ ಬದಿ ಕೂತವನು ನಾನು. ಕಾರ್ಯದರ್ಶಿಯಾಗಿ ಸೇರಿ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಆಗಿ ನಿವೃತ್ತನಾದೆ. ತಪ್ಪೊಪ್ಪಿಗೆ ಅಂತಲೇ ಓದಿಕೊಳ್ಳಿ.

ತೆಂಗಿನತೋಟ ಅವರೇ, ನಿಮ್ಮ ತಾಯಿ ಮಾತಾಡಿದ್ದು ತಪ್ಪಾದ ಸಭೆಯಲ್ಲಿ. ತಪ್ಪು ಅವರದ್ದಲ್ಲ, ಸರಿಯಾದ ಸಭೆ ಬಹುಶಃ ನಡೆದೇ ಇಲ್ಲ. ನಮ್ಮ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಗ್ರಾಮಸಭೆಗೆ ಮೊದಲು ವಾರ್ಡ್ ಸಭೆ ಆಗಬೇಕು. ಆರು ತಿಂಗಳಿಗೆ ಒಂದಾದರೂ. ಆ ವಾರ್ಡಿನ ಸದಸ್ಯರದ್ದೇ ಅಧ್ಯಕ್ಷತೆ. ಮೋರಿ, ಬೀದಿ ದೀಪ, ಮನೆ ಪಟ್ಟಿ, ನಲ್ಲಿ, ಇವೆಲ್ಲ ತೀರ್ಮಾನ ಆಗಬೇಕಾದ್ದು ಅಲ್ಲಿ. ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಜನ, ಕೂಡ ದೊಡ್ಡದಲ್ಲ. ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 20 ಜನ, ಯಾವುದು ಕಡಿಮೆಯೋ ಅದು. ಅದರಲ್ಲಿ ಶೇ 30 ಹೆಂಗಸರು ಇರಬೇಕು. ವಾರ್ಡ್ ಸಭೆಗಳ ಬೇಡಿಕೆಯನ್ನೆಲ್ಲ ಸೇರಿಸಿ, ಯಾವುದು ಮೊದಲು ಅಂತ ನೋಡೋದಕ್ಕೆ ಗ್ರಾಮಸಭೆ.

ನಿಜವಾಗಿ ಆಗೋದು ಏನು? ಮೇಲಿನಿಂದ ಫೋನ್ ಬರುತ್ತದೆ, "ಶುಕ್ರವಾರದೊಳಗೆ ಕ್ರಿಯಾಯೋಜನೆ ಅಪ್‌ಲೋಡ್ ಆಗಬೇಕು" ಅಂತ. ವಾರ್ಡ್ ಸಭೆ ಕಾಗದದ ಮೇಲೆ ಮುಗಿಯುತ್ತದೆ. ಬಿಲ್ ಕಲೆಕ್ಟರ್ ಮನೆ ಮನೆಗೆ ಹೋಗಿ ಸಹಿ ತರುತ್ತಾನೆ. ನಾನೂ ಕಳಿಸಿದ್ದೇನೆ. ಗ್ರಾಮಸಭೆ ಹೊತ್ತಿಗೆ ಪಟ್ಟಿ ಆಗಲೇ ಟೈಪ್ ಆಗಿರುತ್ತದೆ. "ಎಲ್ಲರಿಗೂ ಒಪ್ಪಿಗೆ ತಾನೇ" ಅಂದಿದ್ದು ಆ ಪಟ್ಟಿಗೆ.

ದುಡ್ಡಿನ ವಿಷಯವನ್ನೂ ಹೇಳಬೇಕು. ನನ್ನ ಸರ್ವಿಸಿನ ಕೊನೆಯ ವರ್ಷಗಳಲ್ಲಿ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು, ನೈರ್ಮಲ್ಯಕ್ಕೇ ಹಾಕಬೇಕಿತ್ತು. ಉಳಿದ ಶೇ 40ರಲ್ಲಿ ಅಷ್ಟೂ ಹಳ್ಳಿ, ಅಷ್ಟೂ ಸದಸ್ಯರು. ಹತ್ತು ಮೋರಿ ಕೇಳಿದರೆ ಒಂದು ಆಗಬಹುದು. ಅದನ್ನು ಸಭೆಯಲ್ಲಿ ಬಾಯಿಬಿಟ್ಟು ಹೇಳಲು ನಮಗೆ ಧೈರ್ಯ ಇರಲಿಲ್ಲ. "ಆಯ್ತು ನೋಡೋಣ" ಅಂತಿದ್ದೆವು. ಜನ ಸಭೆಗೆ ಬರೋದು ಬಿಟ್ಟಿದ್ದು ಆ ಮಾತಿನಿಂದಲೇ. ಇಲ್ಲ ಅಂದಿದ್ದರೆ ಬೈದುಕೊಂಡಾದರೂ ಬರುತ್ತಿದ್ದರು.

ಒಂದು ಗುಟ್ಟು. ನಡವಳಿ ಪುಸ್ತಕದಲ್ಲಿ ಕೊನೆಯ ಠರಾವಿನ ಕೆಳಗೆ ಜಾಗ ಖಾಲಿ ಬಿಟ್ಟಿರುತ್ತೇವೆ. ಮೂರು ಬೆರಳು, ಕೆಲವು ಸಲ ಅರ್ಧ ಪುಟ. ಸಭೆ ಮುಗಿದ ಮೇಲೆ ತುಂಬುವ ಜಾಗ ಅದು. ನಮ್ಮಲ್ಲಿ ಒಬ್ಬ ಹಿರಿಯ ಮೇಷ್ಟ್ರು ಇದ್ದರು. ಪ್ರತಿ ಸಲ ಕೊನೆಗೆ ಎದ್ದು ಬಂದು, ಬರೆದದ್ದನ್ನೆಲ್ಲ ಜೋರಾಗಿ ಓದಿಸಿ, ಆ ಕೊನೆಯ ಸಾಲಿನ ಕೆಳಗೆ ಅಡ್ಡ ಗೆರೆ ಎಳೆಸಿಯೇ ಹೋಗುತ್ತಿದ್ದರು. ಸ್ಕೇಲೂ ಅವರದ್ದೇ. ಮೊದಲು ನನಗೆ ಅವರನ್ನು ಕಂಡರೆ ಉರಿಯುತ್ತಿತ್ತು. ಆದರೆ ನನ್ನ ಅಷ್ಟೂ ಪಂಚಾಯಿತಿಗಳಲ್ಲಿ ಹೇಳಿದ ಕೆಲಸ ಜಾಸ್ತಿ ಆಗಿದ್ದು ಅಲ್ಲೇ.

ಸುಮ್ನಿರಪ್ಪ:
ಸರ್, ನೀವೇ ಒಪ್ಪಿಕೊಂಡ್ರಲ್ಲ. ನಾನು ಹೇಳಿದ್ದೂ ಅದೇ.

ಹಳೇ ಕಾರ್ಯದರ್ಶಿ:
ಅಲ್ಲ. ಎಮ್ಮೆಲ್ಲೆ ಮನೆ ಮುಂದೆ ನಿಂತರೆ ನಿಮ್ಮ ಮೋರಿ ಆಗುತ್ತದೆ. ಬೆಳಿಗ್ಗೆ 7ಕ್ಕೆ ಅಲ್ಲಿ ಬಂದು ನಿಲ್ಲಲು ಆಗದವರ ಮೋರಿ ಆಗಲ್ಲ.

ರಾಗಿಮುದ್ದೆ ಅಕ್ಕ:
ಕಾರ್ಯದರ್ಶಿ ಸರ್ ಹೇಳಿದ್ದಕ್ಕೆ ನನ್ನದೂ ಸೇರಿಸುತ್ತೇನೆ. ನಾನು ಒಂದು ಅವಧಿ ಪಂಚಾಯಿತಿ ಸದಸ್ಯೆಯಾಗಿದ್ದೆ, ಹಾಸನದ ಕಡೆ. ಮಹಿಳಾ ಮೀಸಲಾತಿಯಿಂದ ಬಂದವಳು. ಮೊದಲ ವರ್ಷ ನನ್ನ ಬದಲು ಮಾತಾಡಿದ್ದು ನಮ್ಮ ಯಜಮಾನರೇ. ಮುಚ್ಚಿಡೋದು ಯಾಕೆ.

ಬೆಳಿಗ್ಗೆ 11ಕ್ಕೆ ಸಭೆ ಇಟ್ಟರೆ ಯಾರು ಬರುತ್ತಾರೆ ಹೇಳಿ? ಕೂಲಿಗೆ ಹೋಗುವ ಹೆಂಗಸು ಅವತ್ತಿನ ಕೂಲಿ ಬಿಟ್ಟು ಬರಬೇಕು. ಬಂದರೂ ಹಿಂದೆ ನಿಲ್ಲುತ್ತಾಳೆ. ನಮ್ಮಲ್ಲಿ ವಾರ್ಡ್ ಸಭೆ ದೇವಸ್ಥಾನದ ಜಗಲಿ ಮೇಲೆ ಮಾಡುವ ರೂಢಿ ಇತ್ತು. ಕಾಲೋನಿಯವರು ಜಗಲಿ ಹತ್ತುತ್ತಿರಲಿಲ್ಲ. ಕೆಳಗೆ, ಬೇವಿನ ಮರದ ಹತ್ತಿರ ನಿಲ್ಲುತ್ತಿದ್ದರು. ಪುಸ್ತಕ ಮಾತ್ರ ಅಲ್ಲಿಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತಿತ್ತು. ನಡವಳಿಯಲ್ಲಿ ನೋಡಿದರೆ ಕೋರಂ ಸರಿಯಾಗಿದೆ, ಪರಿಶಿಷ್ಟರು ಇಷ್ಟು, ಮಹಿಳೆಯರು ಇಷ್ಟು. ಎಲ್ಲ ಸರಿ. ಒಬ್ಬರೂ ಮಾತಾಡಿಲ್ಲ.

ಎರಡನೇ ವರ್ಷ ನಾನು ಸಭೆಯನ್ನು ಕಾಲೋನಿಯ ಅಂಗನವಾಡಿಗೆ ತಂದೆ. ಸಂಜೆ 7ಕ್ಕೆ. ಸ್ವಲ್ಪ ಗಲಾಟೆ ಆಯಿತು, ಮೇಲಿನ ಬೀದಿಯ ಕೆಲವರು ಬರಲಿಲ್ಲ. ನಾನು ಮೈಕು ತರಿಸಲಿಲ್ಲ. ಮೈಕು ಇದ್ದರೆ ಮಾತು ಬರುವವರು ಮಾತ್ರ ಮಾತಾಡುತ್ತಾರೆ. ಚಾಪೆ ಹಾಸಿ ಕೂತೆವು. ಸ್ತ್ರೀಶಕ್ತಿ ಸಂಘದವರಿಗೆ ಮೊದಲೇ ಹೇಳಿದ್ದೆ, ಸಂಘದ ವಾರದ ಸಭೆಯಲ್ಲೇ ಮಾತಾಡಿಕೊಂಡು ಬನ್ನಿ ಅಂತ. ಇದು ತುಂಬಾ ಮುಖ್ಯ. ಒಬ್ಬಳೇ ಎದ್ದು ಕೇಳೋದಕ್ಕೂ ಹದಿನೈದು ಜನ ಮೊದಲೇ ಒಪ್ಪಿಕೊಂಡು ಬಂದು ಕೇಳೋದಕ್ಕೂ ವ್ಯತ್ಯಾಸ ಇದೆ.

ಅವತ್ತು ಒಬ್ಬ ಅಜ್ಜಿ ಹೇಳಿದ್ದು ಕೇಳಿ. "ನಲ್ಲಿ ಹಾಕ್ಸಿದ್ದೀರ, ಸಂತೋಷ. ನೀರು ಬಿಡೋದು ಬೆಳಿಗ್ಗೆ 9ಕ್ಕೆ. ನಾವೆಲ್ಲ 8ಕ್ಕೇ ಹೊಲಕ್ಕೆ ಹೋಗಿರ್ತೀವಿ. ನೀರು ಯಾರಿಗೆ ಬಿಡ್ತೀರ, ನಾಯಿಗಾ?" ಅಷ್ಟೇ. ಲಕ್ಷಗಟ್ಟಲೆ ಖರ್ಚಿನ ಕೆಲಸ ಅಲ್ಲ ಅದು. ವಾಟರ್‌ಮ್ಯಾನಿಗೆ ಹೇಳಿ ಬೆಳಿಗ್ಗೆ 6ಕ್ಕೆ ಬಿಡಿಸಿದೆವು. ಒಂದು ರೂಪಾಯಿ ಖರ್ಚಾಗಲಿಲ್ಲ. ನಲ್ಲಿ ಹಾಕಿಸಿ ಎರಡು ವರ್ಷ ಆಗಿತ್ತು ಆಗ.

ಜಯನಗರ ಫುಟ್‌ಪಾತ್:
ಹಳ್ಳಿಯಲ್ಲಿ ಸಭೆ ಅಂತ ಒಂದು ಇದೆಯಲ್ಲ, ಅದಕ್ಕೇ ಸಂತೋಷಪಡಿ. ಬೆಂಗಳೂರಿನ ಕಥೆ ಹೇಳುತ್ತೇನೆ. 3 ಲಕ್ಷಕ್ಕಿಂತ ಜಾಸ್ತಿ ಜನ ಇರುವ ಊರಿಗೆ ವಾರ್ಡ್ ಸಮಿತಿ ಬೇಕು ಅಂತ ಸಂವಿಧಾನಕ್ಕೆ 74ನೇ ತಿದ್ದುಪಡಿಯಲ್ಲೇ ಬಂದಿತ್ತು. ಅದು ಜಾರಿಯಾದದ್ದು 1993ರಲ್ಲಿ. ನಮ್ಮಲ್ಲಿ ಸಮಿತಿಗಳು ಸರಿಯಾಗಿ ಕೂತು ಮಾತಾಡಲು ಶುರು ಮಾಡುವ ಹೊತ್ತಿಗೆ ಕಾಲು ಶತಮಾನ ಆಗಿತ್ತು, ಅದೂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲ, ಅಧಿಕಾರಿಗಳದ್ದೇ ಆಡಳಿತ. 2025ರಲ್ಲಿ ಒಂದು ಪಾಲಿಕೆ ಹೋಗಿ ಐದಾಯಿತು. ನನ್ನ ವಾರ್ಡ್ ಯಾವುದು ಅಂತ ನಾನೇ ಹುಡುಕಬೇಕಾಯಿತು.

ಆದರೂ ಒಂದು ಮಾತು. ಬೆಂಗಳೂರಿನವರಿಗೆ 'ಬೇಡ' ಅನ್ನೋದು ಗೊತ್ತು. 2016ರ ಅಕ್ಟೋಬರ್ 16, ಭಾನುವಾರ ಬೆಳಿಗ್ಗೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದ ಕಡೆಗೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ ಕಟ್ಟುತ್ತೇವೆ ಅಂದಿದ್ದರು. ಸುಮಾರು 1,791 ಕೋಟಿ ರೂಪಾಯಿ, 800ಕ್ಕೂ ಹೆಚ್ಚು ಮರ. ಆ ರಸ್ತೆ ಉದ್ದಕ್ಕೂ ಜನ ಕೈ ಕೈ ಹಿಡಿದು ನಿಂತರು. ನಾನೂ ಇದ್ದೆ. ನನ್ನ ಎಡಗಡೆ ಒಬ್ಬರು ವಾಕಿಂಗಿಗೆ ಅಂತ ಬಂದು ಹಾಗೇ ನಿಂತವರು, ಬಲಗಡೆ ಒಬ್ಬ ಹುಡುಗಿ, ಕೈಯಲ್ಲಿ ಬರೆದ 'ಬೇಡ' ಬೋರ್ಡ್. 2017ರ ಮಾರ್ಚಿನಲ್ಲಿ ಯೋಜನೆ ಕೈಬಿಟ್ಟರು.

ಅವತ್ತು ಗೆದ್ದೆವು ಅಂತ ಕುಣಿದೆವು. ಈಗ ಯೋಚನೆ ಮಾಡಿದರೆ ಬೇರೆ ಅನಿಸುತ್ತದೆ. ಟೆಂಡರ್ ಆದ ಮೇಲೆ ರಸ್ತೆಗೆ ಇಳಿದು ಬೇಡ ಅನ್ನೋದು ಒಂದು. ಅದಕ್ಕೆ ಮೊದಲೇ, ಹೆಬ್ಬಾಳಕ್ಕೆ ಹೋಗೋದಕ್ಕೆ ಬಸ್ಸು ಬೇಕಾ, ರೈಲು ಬೇಕಾ, ಸೇತುವೆ ಬೇಕಾ ಅಂತ ಕೂತು ಮಾತಾಡೋದು ಇನ್ನೊಂದು. ಎರಡನೆಯದು ನಮ್ಮಲ್ಲಿ ಆಗೇ ಇಲ್ಲ. ಅದಕ್ಕೇ ಪ್ರತಿ ನಾಲ್ಕು ವರ್ಷಕ್ಕೆ ಒಂದು ಹೊಸ 'ಬೇಡ' ಬೋರ್ಡ್ ಬರೆಯುತ್ತಿದ್ದೇವೆ.

ಸುಮ್ನಿರಪ್ಪ:
ಕೂತು ಮಾತಾಡಿದರೆ ಹತ್ತು ವರ್ಷ ಬೇಕು. ಅಷ್ಟರಲ್ಲಿ ಟ್ರಾಫಿಕ್ಕು ಡಬಲ್ ಆಗಿರುತ್ತೆ.

ಇನ್ನೊಂದು ವಿಷಯ ಯಾರೂ ಹೇಳುತ್ತಿಲ್ಲ. ಜನ ಯಾವಾಗಲೂ ಸರಿ ಅಂತ ಯಾಕೆ ಅಂದುಕೊಳ್ಳುತ್ತೀರಿ? ನಮ್ಮೂರ ಗ್ರಾಮಸಭೆಯಲ್ಲಿ ಕೈ ಎತ್ತಿಸಿ ತೀರ್ಮಾನ ಮಾಡಿದ್ದು ನೆನಪಿದೆ. ಊರ ಬಾಗಿಲಿಗೆ ಕಮಾನು ಬೇಕು ಅಂತ. ಆ ಕಡೆ ಕಾಲೋನಿಯಲ್ಲಿ ಚರಂಡಿ ಇಲ್ಲ. ಕಮಾನಿಗೆ ಕೈ ಎತ್ತಿದವರೇ ಜಾಸ್ತಿ. ಜನರೇ ಹೇಳಿದ್ದಲ್ವಾ, ಏನು ಮಾಡುತ್ತೀರಿ?

ರಾಗಿಮುದ್ದೆ ಅಕ್ಕ:
ಸುಮ್ನಿರಪ್ಪ ಅಣ್ಣ, ಈ ಮಾತು ಒಪ್ಪುತ್ತೇನೆ. ಕೈ ಎತ್ತಿಸೋದು ಅಂದರೆ ನನಗೆ ಭಯ. ದೊಡ್ಡ ಬೀದಿಯ ಕೈ ಯಾವಾಗಲೂ ಜಾಸ್ತಿ. ಅದೂ ಅಲ್ಲದೆ ಎದುರು ಜಮೀನು ಯಜಮಾನ ಕೂತಿದ್ದರೆ ಅವನ ಕೂಲಿಯವನ ಕೈ ಮೇಲೇಳುತ್ತದಾ? ಅದಕ್ಕೇ ನಾವು ಕೈ ಎತ್ತಿಸದೆ ಹೀಗೆ ಕೇಳುತ್ತಿದ್ದೆವು: ಈ ವಾರ್ಡಲ್ಲಿ ಯಾರ ಮನೆ ಮುಂದೆ ಚರಂಡಿಯೇ ಇಲ್ಲ? ಆ ಮನೆಗಳನ್ನು ಎಣಿಸಿ ಬರೆದುಕೊಂಡ ಮೇಲೆ ಕಮಾನಿನ ಮಾತು. ಆದರೂ ಒಂದು ಸಲ ನಾವೇ ಸೋತೆವು. ಕಮಾನು ಅಲ್ಲ, ಸಮುದಾಯ ಭವನದ ಕಾಂಪೌಂಡು.

ಗಡಿನಾಡ ಹುಡುಗ:
ಕಾಸರಗೋಡಿನಿಂದ. ನಮ್ಮ ಮಾತೃಭಾಷೆ ಕನ್ನಡ, ಪಂಚಾಯತ್ತು ಕೇರಳದ್ದು. ಎರಡೂ ಕಡೆ ಸಂಬಂಧಿಕರು ಇರುವುದರಿಂದ ಹೋಲಿಸಿ ನೋಡುವ ಚಟ.

ಇಲ್ಲಿ ವಾರ್ಡಿನ ಸಭೆಯನ್ನೇ ಗ್ರಾಮಸಭೆ ಅನ್ನುತ್ತಾರೆ. ಮೂರು ತಿಂಗಳಿಗೆ ಒಂದು ಸಲ ಕರೆಯಬೇಕು. ಕರೆಯುವ ಜವಾಬ್ದಾರಿ ಆ ವಾರ್ಡಿನ ಮೆಂಬರನದ್ದು. ಸಾಲಾಗಿ ಎರಡು ಸಲ ಕರೆಯದಿದ್ದರೆ ಮೆಂಬರ್‌ಗಿರಿಯೇ ಹೋಗುತ್ತದೆ, ಕಾನೂನಿನಲ್ಲೇ ಹಾಗಿದೆ. ಹಾಗಾಗಿ ಮಳೆ ಬರಲಿ, ಬಿಸಿಲು ಬರಲಿ, ಸಭೆ ಅಂತೂ ಆಗುತ್ತದೆ ಮಾರಾಯ್ರೇ. 1996ರಲ್ಲಿ ಜನಕೀಯ ಆಸೂತ್ರಣ (ಜನರೇ ಯೋಜನೆ ಮಾಡುವುದು) ಅಂತ ಶುರು ಮಾಡಿದಾಗ ರಾಜ್ಯದ ಯೋಜನಾ ಹಣದ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟರು. ಆಗ ನಾನು ಚಿಕ್ಕವ. ಅಪ್ಪ ಹೇಳುವುದು, ಆ ಕಾಲದಲ್ಲಿ ರಾತ್ರಿ ಹತ್ತರವರೆಗೆ ಶಾಲೆಯಲ್ಲಿ ಕೂತು ಊರಿನ ಬಾವಿ ಎಷ್ಟು, ತೋಡು ಎಷ್ಟು ಅಂತ ಪಟ್ಟಿ ಮಾಡುತ್ತಿದ್ದರಂತೆ. ಕೈಯಲ್ಲಿ ದುಡ್ಡು ಇತ್ತು, ಅದಕ್ಕೇ ಮಾತಿಗೆ ಬೆಲೆ ಇತ್ತು. ಅಪ್ಪನ ಪ್ರಕಾರ ಅಷ್ಟೇ ಅದರ ಗುಟ್ಟು.

ಈಗ ಎಲ್ಲ ಹಾಗೇ ಇದೆ ಅಂತಲ್ಲ. ನಮ್ಮ ವಾರ್ಡಿನಲ್ಲಿ ಬರುವವರು ಏನಾದರೂ ಸಹಾಯಧನಕ್ಕೆ ಅರ್ಜಿ ಹಾಕಬೇಕಾದವರು. ಕೋಳಿಮರಿ, ತೆಂಗಿಗೆ ಗೊಬ್ಬರ. ನೌಕರಿಯವರು ಬರುವುದೇ ಇಲ್ಲ. ನಮ್ಮ ಅಜ್ಜಿಗೆ ಇನ್ನೊಂದು ಕಷ್ಟ. ಒಂದು ಸಲ ನೋಟಿಸು ಮಲಯಾಳದಲ್ಲಿ ಮಾತ್ರ ಬಂದಿತ್ತು. ಅಜ್ಜಿಗೆ ಮಲಯಾಳ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಮದುವೆ ಕಾಗದ ಅಂದುಕೊಂಡು ದೇವರ ಪಟದ ಹಿಂದೆ ಸಿಕ್ಕಿಸಿ ಇಟ್ಟಿದ್ದರು.

ಕಾಡುದಾರಿ:
ಉತ್ತರ ಕನ್ನಡದಿಂದ. ನೀವೆಲ್ಲ ಗ್ರಾಮಸಭೆ ಬಗ್ಗೆ ಹೇಳುತ್ತಿದ್ದೀರಿ. ನಾನು ಪರಿಸರ ಅಹವಾಲು ಸಭೆ ಬಗ್ಗೆ ಹೇಳುತ್ತೇನೆ. ದೊಡ್ಡ ಯೋಜನೆಗಳಿಗೆ 2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆ ಪ್ರಕಾರ ಇದು ಆಗಬೇಕು. ಕನಿಷ್ಠ 30 ದಿನ ಮೊದಲು ಪೇಪರಿನಲ್ಲಿ ನೋಟಿಸ್. ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಒಬ್ಬ ಹಿರಿಯ ಅಧಿಕಾರಿ ಕೂರಬೇಕು. ವಿಡಿಯೋ ಆಗಬೇಕು. ಕೋರಂ ಇಲ್ಲ, ಮೂರೇ ಜನ ಬಂದರೂ ಸಭೆ ಆದಂತೆ. ಮತ ಹಾಕಿಸೋದೂ ಇಲ್ಲ.

ನಮ್ಮ ಕಡೆ ಒಂದು ಯೋಜನೆಗೆ ಹೀಗೆ ಸಭೆ ಆಯಿತು. ಹೆಸರು ಬೇಡ. ವರದಿ ನೂರಾರು ಪುಟ, ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಇದ್ದದ್ದು ಸಾರಾಂಶ ಮಾತ್ರ. ಆ ಸಾರಾಂಶದಲ್ಲಿ ನಮ್ಮ ಊರಿನ ಅಬ್ಬಿ ನೀರಿನ ಮಾತೇ ಇರಲಿಲ್ಲ. ನಾವು ಕುಡಿಯುವುದು, ತೋಟಕ್ಕೆ ಬಿಡುವುದು ಅದೇ ನೀರನ್ನು. ಗುಡ್ಡದಿಂದ ಅಡಿಕೆ ದಬ್ಬೆಯಲ್ಲಿ ಇಳಿದು ಬರುತ್ತಿತ್ತು, ಈಗ ಪೈಪು. ನಾನು ಚೀಟಿ ಬರೆದುಕೊಂಡು ಹೋಗಿ ಅದನ್ನೇ ಹೇಳಿದೆ. ಚಪ್ಪಾಳೆ ಬಿತ್ತು. ಖುಷಿಯಾಗಿ ಮನೆಗೆ ಬಂದೆ.

ಆಮೇಲೆ ನಡವಳಿಯ ಪ್ರತಿ ತೆಗೆಸಿ ನೋಡಿದರೆ ನನ್ನ ಹೆಸರಿನ ಮುಂದೆ ಒಂದೇ ಸಾಲು: 'ಯೋಜನೆಗೆ ವಿರೋಧ ವ್ಯಕ್ತಪಡಿಸಿದರು.' ಅಬ್ಬಿ ಇಲ್ಲ, ನೀರು ಇಲ್ಲ. ವಿರೋಧ ಅಂತ ಬರೆದರೆ ಕಂಪನಿ ಅದಕ್ಕೆ ಉತ್ತರ ಕೊಡಬೇಕಾಗಿಲ್ಲ. ಅಬ್ಬಿ ಒಣಗಿದರೆ ಏನು ಮಾಡುತ್ತೀರಿ ಅಂತ ಬರೆದಿದ್ದರೆ ಕೊಡಬೇಕಿತ್ತು.

ಕಾರ್ಯದರ್ಶಿಗಳ ಸ್ಕೇಲ್ ಮೇಷ್ಟ್ರು ಕಥೆ ಓದಿ ಹೊಟ್ಟೆ ಉರಿಯಿತು. ಯಾಕೆಂದರೆ ಅಧಿಸೂಚನೆಯಲ್ಲೇ ಇದೆ, ಸಭೆ ಮುಗಿಯುವಾಗ ಜನರ ಭಾಷೆಯಲ್ಲಿ ನಡವಳಿಯ ಸಾರಾಂಶ ಓದಿ ಹೇಳಬೇಕು ಅಂತ. ನಾವು ಅಷ್ಟರಲ್ಲಿ ಬಸ್ಸು ಹತ್ತಿದ್ದೆವು. ಕೊನೆ ಬಸ್ಸು 5:30ಕ್ಕೆ. ಈಗ ಯಾರು ಕೇಳಿದರೂ ಎರಡೇ ಮಾತು ಹೇಳುತ್ತೇನೆ: ಹೇಳೋದನ್ನು ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ, ಮತ್ತು ಓದುವ ತನಕ ಏಳಬೇಡಿ, ಬೇಕಾದರೆ ಜೀಪು ಮಾಡಿಕೊಂಡು ಹೋಗಿ.

ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ 12 ಗ್ರಾಮಸಭೆಗಳು ಬಾಕ್ಸೈಟ್ ಗಣಿ ಬೇಡ ಅಂದವು, ಹನ್ನೆರಡಕ್ಕೆ ಹನ್ನೆರಡೂ. ಅಲ್ಲಿ ಸುಪ್ರೀಂ ಕೋರ್ಟೇ ಗ್ರಾಮಸಭೆಗಳ ಮುಂದೆ ಇಡಿ ಅಂದಿತ್ತು, ಅರಣ್ಯ ಹಕ್ಕು ಕಾಯ್ದೆಯ ಬಲ ಇತ್ತು. ನಮ್ಮ ಅಹವಾಲು ಸಭೆಗೆ ಆ ಬಲ ಇಲ್ಲ. ಹೇಳೋದು ನಮ್ಮ ಕೆಲಸ, ತೀರ್ಮಾನ ಅವರದ್ದು.

ಜಯನಗರ ಫುಟ್‌ಪಾತ್:
ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರನ್ನೂ ನೆನೆಯಬೇಕು. 1,777 ಎಕರೆ ಉಳಿಸಿಕೊಳ್ಳಲು ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನ ಕೈಬಿಟ್ಟಿತು. ಗೆಲುವು ನಿಜ. ಆದರೆ ಒಂದು 'ಇಲ್ಲ' ಕೇಳಿಸಲು ಮೂರು ವರ್ಷ ಬೇಕಾ?

ತೆಂಗಿನತೋಟ:
ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಕಾರ್ಯದರ್ಶಿ ಸರ್, ಒಂದು ಪ್ರಶ್ನೆ. ಹಿಂದಿನ ಸಭೆಗಳಲ್ಲಿ ಏನು ಒಪ್ಪಿದ್ದರು, ಏನು ಆಯಿತು ಅಂತ ನೋಡಲು ದಾರಿ ಇದೆಯಾ?

ಹಳೇ ಕಾರ್ಯದರ್ಶಿ:
ಇದೆ. ವರ್ಷಕ್ಕೊಮ್ಮೆ ಜಮಾಬಂದಿ ಅಂತ ಆಗುತ್ತದೆ. ಪಂಚಾಯಿತಿಯ ಲೆಕ್ಕ, ಬಿಲ್ಲು, ಕಾಮಗಾರಿ ಕಡತ ಎಲ್ಲವನ್ನೂ ಜನರ ಮುಂದೆ ಇಡಬೇಕು. ತಾಲ್ಲೂಕಿನಿಂದ ಅಧಿಕಾರಿ ಬರುತ್ತಾರೆ. ಕೆಲಸ ಆದ ಜಾಗಕ್ಕೂ ಹೋಗಿ ನೋಡುತ್ತಾರೆ. ನಮ್ಮಲ್ಲಿ ಜಮಾಬಂದಿಗೆ ಬರುತ್ತಿದ್ದ ಜನರನ್ನು ಒಂದು ಆಟೋದಲ್ಲಿ ಕೂರಿಸಬಹುದಿತ್ತು. ಮನೆ ಹಂಚುವ ಸಭೆಗೆ 300 ಜನ, ಲೆಕ್ಕ ಕೇಳುವ ಸಭೆಗೆ 6 ಜನ. ಅದರಲ್ಲಿ ಒಬ್ಬರು ಅದೇ ಮೇಷ್ಟ್ರು.

ಇನ್ನೊಂದು, ಸಭೆ ಶುರುವಾದ ತಕ್ಷಣ ಅನುಪಾಲನಾ ವರದಿ ಕೇಳಿ. ಹೋದ ಸಭೆಯ ಠರಾವುಗಳು ಏನಾದವು ಅನ್ನುವ ಪಟ್ಟಿ ಅದು. ದೀಪ ಹಚ್ಚಿದ ಮೇಲೆ, ಇಲಾಖೆಯವರ ಭಾಷಣಕ್ಕೆ ಮೊದಲು. ಇದೊಂದು ಕೇಳಿದರೆ ಮೇಜಿನ ಆಚೆ ಕೂತವರ ಬೆನ್ನು ನೆಟ್ಟಗಾಗುತ್ತದೆ, ಅನುಭವದಿಂದ ಹೇಳುತ್ತಿದ್ದೇನೆ. 1987ರಲ್ಲಿ ಆಗಿನ ಪಂಚಾಯತ್ ರಾಜ್ ಸಚಿವ ನಜೀರ್ ಸಾಬರ ಮಂಡಲ ಪಂಚಾಯಿತಿ ಬಂದಾಗ ನಮ್ಮೂರ ಹಿರಿಯರು ಕೇಳಿದ್ದೂ ಇಷ್ಟೇ. "ಸಭೆ ಮಾಡ್ತೀರಿ ಸರಿ, ಮುಂದಿನ ಸಭೆಗೆ ಲೆಕ್ಕ ಒಪ್ಪಿಸ್ತೀರಾ?"

ತೆಂಗಿನತೋಟ:
(ಮೂರು ವಾರದ ನಂತರ)
ಊರಿಂದ ಬರೆಯುತ್ತಿದ್ದೇನೆ. ನಮ್ಮ ವಾರ್ಡಿನ ಸದಸ್ಯರನ್ನು ಹಿಡಿದು ವಾರ್ಡ್ ಸಭೆ ಮಾಡಿಸಿದೆವು. ಮೊದಲು "ಈಗಾಗಲೇ ಆಗಿದೆಯಲ್ಲ" ಅಂದರು. ಆಗಿದ್ದರೆ ಇನ್ನೊಂದು ಆಗಲಿ ಅಂದೆವು. ಭಾನುವಾರ ಸಂಜೆ 6:30, ಹಾಲಿನ ಡೇರಿ ಮುಂದೆ. ಡೇರಿ ಐಡಿಯಾ ಅಮ್ಮನದು. ಹಾಲು ಹಾಕಲು ಹೇಗೂ ಎಲ್ಲರೂ ಬರುತ್ತಾರೆ. 34 ಜನ ಇದ್ದರು, ಅರ್ಧಕ್ಕಿಂತ ಜಾಸ್ತಿ ಹೆಂಗಸರು. ಕ್ಯಾನು ಕೆಳಗಿಟ್ಟು ನಿಂತೇ ಮಾತಾಡಿದರು.

ಅಮ್ಮ ಮೋರಿ ವಿಷಯ ಎತ್ತಿದರು. ಈ ಸಲ ಬಂದ ಉತ್ತರ ಬೇರೆ. ಆ ಮೋರಿ ಇರೋದು ಪಂಚಾಯಿತಿ ರಸ್ತೆಯಲ್ಲಿ ಅಲ್ಲವಂತೆ, ಲೋಕೋಪಯೋಗಿ ಇಲಾಖೆಯ ರಸ್ತೆಯಲ್ಲಂತೆ. ಪಂಚಾಯಿತಿ ಅದಕ್ಕೆ ದುಡ್ಡು ಹಾಕುವಂತಿಲ್ಲವಂತೆ. ಅಮ್ಮನಿಗೆ ಸಿಟ್ಟು ಬಂತು. "ಮೂರು ವರ್ಷದಿಂದ ಕೇಳ್ತಿದೀನಿ, ಇದನ್ನ ಮೊದಲೇ ಹೇಳೋಕೆ ಏನಾಗಿತ್ತು?" ಅಂದರು. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಕೊನೆಗೆ, ಆ ಇಲಾಖೆಗೆ ಪಂಚಾಯಿತಿಯಿಂದ ಪತ್ರ ಬರೆಯಬೇಕು, ಅದರ ಪ್ರತಿ ವಾರ್ಡಿಗೆ ಕೊಡಬೇಕು ಅಂತ ತೀರ್ಮಾನ ಆಯಿತು. ಬರೆದದ್ದನ್ನು ಓದಿಸಿದೆವು. ಗೆರೆ ಎಳೆಸಿದೆವು. ಸ್ಕೇಲ್ ಇರಲಿಲ್ಲ, ಹಾಲಿನ ಪಾಸ್‌ಬುಕ್ ಇಟ್ಟು ಎಳೆದರು, ಸ್ವಲ್ಪ ಸೊಟ್ಟಗಿದೆ.

ಸುಮ್ನಿರಪ್ಪ:
ಮೋರಿ ಆಯ್ತಾ?

ತೆಂಗಿನತೋಟ:
ಇಲ್ಲ.

ಹಳೇ ಕಾರ್ಯದರ್ಶಿ:
ಠರಾವಿಗೆ ನಂಬರ್ ಹಾಕಿಸಿದ್ರಾ? ನಂಬರ್ ಇಲ್ಲದಿದ್ದರೆ ಪತ್ರದಲ್ಲಿ ಉಲ್ಲೇಖ ಮಾಡಲು ಆಗಲ್ಲ, ಅದೇ ನೆಪ ಹೇಳುತ್ತಾರೆ.

ತೆಂಗಿನತೋಟ:
ಅಯ್ಯೋ, ಇಲ್ಲ ಸರ್. ನಾನು ರಾತ್ರಿ ಬಸ್ಸಿಗೆ ಹೊರಟೆ. ನಾಳೆ ಹಾಲು ಹಾಕಿ ಬರುವಾಗ ಅಮ್ಮ ಪಂಚಾಯಿತಿಗೆ ಹೋಗಿ ಹಾಕಿಸುತ್ತಾರಂತೆ.